ಬಿಚ್ಚಿಟ್ಟ ಗಾಡಿ ಯಾರದು?

(ಬೆಳಗಾವಿಯಲ್ಲಿ ಕಾರಿನ ಹುಚ್ಚಿರುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಪ್ರಶ್ನೆ. ಮನೆ ಮುಂದಿನ ರಸ್ತೆಯಲ್ಲೇ ಕಾರಿನ ಕೆಳಗೆ ಮಲಗಿ ಕೆಲಸ ಮಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಕೈಗಳಿವೆ. ಈಗ ಅದೇ ಕೆಲಸವನ್ನು ಜುಲೈ ತಿಂಗಳಲ್ಲಿ ಮಾಡಿದವರು ಮಾತ್ರ ಕೈ ಹಾಗೇ ಇಡಿ. ನೋಡಿ, ನಾಲ್ಕೇ ಉಳಿದವು. ನಮ್ಮ ಬೆಳಗಾವಿಯ ಮಳೆ ಅಂದ್ರೆ ಸುಮ್ನೆನಾ?

ನಾನೂ ಆ ಜಾತಿಯವನೇ. ಶಹಾಪುರದ ಓಣಿಯಲ್ಲಿ ನಮ್ಮ ಮನೆ. ಒಂದು ಭಾನುವಾರ ಬೆಳಿಗ್ಗೆ ಮೋಡ ಸ್ವಲ್ಪ ತೆರವಾಯಿತು. ಮಾರುತಿ 800ರ ಆಯಿಲ್ ಬದಲಿಸೋಣ ಅಂತ ಕೆಳಗೆ ಹೊಕ್ಕೆ. ಡ್ರೇನ್ ಬೋಲ್ಟ್ ಬಿಚ್ಚಿದ್ದೇ ತಡ, ಮಳೆ ಶುರುವಾಯಿತು. ಓಣಿಯ ನೀರೆಲ್ಲ ನನ್ನ ಬೆನ್ನ ಕೆಳಗೇ ಹರಿಯಿತು. ಆಯಿಲ್ ಹಿಡಿಯಲು ಇಟ್ಟಿದ್ದ ಬುಟ್ಟಿ ತೇಲಿಕೊಂಡು ಹೋಗಿ ಪಕ್ಕದ ಮನೆಯ ಕಾಕೂ ಅವರ ಕಟ್ಟೆಗೆ ಬಡಿದು ಮಗುಚಿತು. ಅವರು ಬಾಗಿಲಲ್ಲೇ ನಿಂತಿದ್ದರು. ಬೈಯಲಿಲ್ಲ. "ತಮ್ಮಾ, ನಾಳೆ ಇದರ ಮ್ಯಾಲ ರಂಗೋಲಿ ಹ್ಯಾಂಗ ಹಾಕ್ಲಿ?" ಅಂದರು ಅಷ್ಟೇ. ಮೂರು ದಿನ ಸೋಪಿನ ಪುಡಿ ಹಾಕಿ ತಿಕ್ಕಿದೆ. ಕಪ್ಪು ಹೋಯಿತು, ಜಾರಿಕೆ ಹೋಗಲಿಲ್ಲ. ಆವತ್ತಿನಿಂದ ಒಂದು ಶೆಡ್ ಬೇಕು ಅನ್ನುವುದು ತಲೆಯಲ್ಲಿ ಕೂತಿತು.

ಶೆಡ್ ಅಂದರೆ ಬರೀ ತಗಡಿನ ಮಾಡು ಅಲ್ಲ. ನಾಲ್ಕು ಜನ ಕೂತು ಚಹಾ ಕುಡಿಯುವ ಜಾಗ, ಎಲ್ಲರದೂ ಆದ ಪಾನಾ (ಸ್ಪ್ಯಾನರ್) ಸೆಟ್ಟು, ಗಾಡಿ ಮೇಲಕ್ಕೆ ಎತ್ತುವ ಒಂದು ಲಿಫ್ಟ್. ಒಬ್ಬರ ಮನೆಯಲ್ಲಿ ಇದಿಷ್ಟೂ ಆಗುವುದಿಲ್ಲ, ಇಪ್ಪತ್ತು ಜನ ಸೇರಿದರೆ ಆಗುತ್ತದೆ. ಬೇರೆ ದೇಶಗಳಲ್ಲಿ ಇದು ಹೊಸದೇನಲ್ಲ. ಜರ್ಮನಿಯಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟು, ಪಾನಾ ಬಾಡಿಗೆ ಕೊಡುವ ವರ್ಕ್‌ಶಾಪುಗಳಿವೆ, ಕೆಲಸ ನಿಮ್ಮದೇ. ಅಮೆರಿಕದ ಸೇನಾ ನೆಲೆಗಳಲ್ಲಿ ಸೈನಿಕರು ಬಿಡುವಿನಲ್ಲಿ ತಮ್ಮ ಗಾಡಿ ತಾವೇ ಮಾಡಿಕೊಳ್ಳಲು ಇಂಥದೇ ಜಾಗ ಇರುತ್ತದೆ. ಆದರೆ ನಾವು ಅಷ್ಟು ದೂರ ಯಾಕೆ ಹೋಗಬೇಕು? ನಮ್ಮಲ್ಲಿ ಗರಡಿಮನೆ ಇದೆಯಲ್ಲ.

ಗರಡಿಯನ್ನು ಯಾರೂ ತಮ್ಮ ಮನೆಯೊಳಗೆ ಕಟ್ಟಿಕೊಳ್ಳುವುದಿಲ್ಲ. ಮಣ್ಣು ಎಲ್ಲರದು, ಗದೆ ಎಲ್ಲರದು, ಮಲ್ಲಕಂಬ ಎಲ್ಲರದು. ಆ ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ, ಮಜ್ಜಿಗೆ ಹಾಕಿ ಹದ ಮಾಡುತ್ತಾರೆ. ಯಾರು ಮಾಡುತ್ತಾರೆ? ಸಂಬಳದ ಆಳಲ್ಲ. ಅಲ್ಲಿ ಕುಸ್ತಿ ಆಡುವವರೇ, ಪಾಳಿ ಹಚ್ಚಿಕೊಂಡು. ಹೊಸ ಹುಡುಗ ಬಂದರೆ ವಸ್ತಾದರು ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ, ಸನಿಕೆ ಕೊಟ್ಟು ಮಣ್ಣು ಅಗಿ ಅನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಸನಿಕೆಯ ಜಾಗಕ್ಕೆ ಕಸಬರಿಗೆ ಬರುತ್ತದೆ. ಸದಸ್ಯನಾಗಲು ಬಂದವನು ಯಾವ ಕಾರು ಇಟ್ಟಿದ್ದಾನೆ ಅಂತ ನಾನು ಕೇಳುವುದಿಲ್ಲ. ಮೂರು ಭಾನುವಾರ ಬಂದು ನೆಲ ಗುಡಿಸಿದನಾ ಅಂತ ನೋಡುತ್ತೇನೆ.

ಇದನ್ನು ಇಷ್ಟು ಖಡಕ್ಕಾಗಿ ಹೇಳಲು ಕಾರಣ ಇದೆ. ಈ ಕೆಲಸವನ್ನು ನಾವು ಒಮ್ಮೆ ಮಾಡಿ ಕೆಡಿಸಿದ್ದೇವೆ. ಕೆಡಿಸಿದವನು ನಾನೇ.

ಕೆಲ ವರ್ಷಗಳ ಹಿಂದೆ ಆರು ಜನ ಗೆಳೆಯರು ಸೇರಿ ಖಾನಾಪುರ ರಸ್ತೆಯ ಕಡೆ ಒಂದು ತಗಡಿನ ಶೆಡ್ ಹಿಡಿದೆವು. ಎರಡು ಗಾಡಿ ನಿಲ್ಲುವಷ್ಟು ಜಾಗ. ಒಂದು ಬೆಂಚು, ಒಂದು ಜಾಕು, ಒಬ್ಬೊಬ್ಬರ ಮನೆಯಿಂದ ತಂದ ಪಾನಾಗಳು. ಮೊದಲ ಎರಡು ತಿಂಗಳು ಹಬ್ಬ. ಆಮೇಲೆ ನಾನು ನನ್ನ 1986ರ ಪ್ರೀಮಿಯರ್ ಪದ್ಮಿನಿ ತಂದು ಒಳಗೆ ನಿಲ್ಲಿಸಿದೆ. "ಬರೀ ಹೆಡ್ ಗ್ಯಾಸ್ಕೆಟ್. ಎರಡು ಭಾನುವಾರದ ಕೆಲಸ" ಅಂತ ಎಲ್ಲರಿಗೂ ಹೇಳಿದ್ದೆ.

ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಬಿಚ್ಚಿದೆ. ವಾಲ್ವ್ ಸೀಟು ತಿಂದುಹೋಗಿತ್ತು. ಹೆಡ್ಡು ಲೇಥಿನವರ ಹತ್ತಿರ ಹೋಯಿತು. ಹೇಗೂ ಎಂಜಿನ್ ಬಿಚ್ಚಿದೆ, ರೇಡಿಯೇಟರೂ ಇಳಿಸೋಣ ಅಂದುಕೊಂಡೆ. ಅದನ್ನು ಇಳಿಸಿದಾಗ ಚಾಸಿಯ ಹತ್ತಿರ ತುಕ್ಕು ಕಂಡಿತು. ತುಕ್ಕಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಇದನ್ನು ಮಾತ್ರ ಎಂದೂ ಮಾಡಬೇಡಿ, ಚುಚ್ಚಿದರೆ ಮುಗೀತು. ಸ್ಕ್ರೂಡ್ರೈವರ್ ಆಚೆ ಬಂತು. ಕಾಲಿಡುವ ಕಡೆಯ ಫ್ಲೋರನ್ನೇ ಕತ್ತರಿಸಬೇಕಾಯಿತು. ಅಷ್ಟರಲ್ಲಿ ಮನೆಯಲ್ಲಿ ಮದುವೆ, ಆಮೇಲೆ ಕಾರ್ಖಾನೆಯಲ್ಲಿ ಆಡಿಟ್. ಪದ್ಮಿನಿ ನಾಲ್ಕು ಇಟ್ಟಿಗೆ ಸ್ಟ್ಯಾಂಡಿನ ಮೇಲೆ ಏಳು ತಿಂಗಳು ನಿಂತಿತು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಇಟ್ಟಿಗೆ ಅಂದೆನಲ್ಲ, ಆ ತಪ್ಪಿಗೆ ಆಮೇಲೆ ಬರುತ್ತೇನೆ.

ಉಳಿದವರಿಗೆ ಒಂದೇ ಜಾಗ ಉಳಿಯಿತು. ಯಾರೂ ನನಗೆ ಬೈಯಲಿಲ್ಲ. ಇದೇ ನೋಡಿ ಇದರ ವಿಷ. ಬೈದಿದ್ದರೆ ಜಗಳ ಆಗಿ ಬಗೆಹರಿಯುತ್ತಿತ್ತು. ಗೆಳೆಯರು ಬೈಯುವುದಿಲ್ಲ, ಸುಮ್ನೆ ಬರುವುದನ್ನು ಬಿಡುತ್ತಾರೆ. "ಈ ವಾರ ಸ್ವಲ್ಪ ಕೆಲಸ ಇದೆ ಮಾರಾಯ." ಮುಂದಿನ ವಾರವೂ ಕೆಲಸ. ಬಾಡಿಗೆ ಕೊಡುವವರು ಆರಿದ್ದವರು ನಾಲ್ಕಾದರು, ಆಮೇಲೆ ಇಬ್ಬರಾದರು. ಕೊನೆಗೆ ಪದ್ಮಿನಿಯನ್ನು ಟೆಂಪೋ ಮೇಲೆ ಹೇರಿಸಿ ಮನೆಗೆ ತಂದೆ. ಬೋಲ್ಟುಗಳು ಒಂದು ಗೋಣಿಚೀಲದಲ್ಲಿ, ಯಾವುದು ಎಲ್ಲಿಯದು ಅಂತ ದೇವರಿಗೇ ಗೊತ್ತು.

ಆಮೇಲೆ ಬೇರೆ ಊರಿನ ಇಂಥ ಎರಡು ಮೂರು ಕೂಟದವರ ಜೊತೆ ಮಾತಾಡಿದೆ. ಮುಚ್ಚಿದವರ ಕಥೆ ಹೆಚ್ಚು ಕಡಿಮೆ ಇದೇ. ದುಡ್ಡು ಸಾಲದೆ ಮುಚ್ಚಿದೆವು ಅನ್ನುತ್ತಾರೆ. ಕೆದಕಿ ಕೇಳಿದರೆ ಎಲ್ಲೋ ಒಂದು ಮೂಲೆಯಲ್ಲಿ ಒಂದು ಬಿಚ್ಚಿಟ್ಟ ಗಾಡಿ ನಿಂತಿರುತ್ತದೆ. ಆದ್ದರಿಂದ ನೀವು ಕ್ಲಬ್ ಮಾಡುತ್ತೇವೆ ಅಂತ ಬಂದರೆ ಲಿಫ್ಟ್ ಯಾವ ಕಂಪನಿಯದು ಅಂತ ನಾನು ಕೇಳುವುದಿಲ್ಲ. ಬಿಚ್ಚಿಟ್ಟ ಗಾಡಿಗೆ ಏನು ಮಾಡುತ್ತೀರಿ ಅಂತ ಕೇಳುತ್ತೇನೆ.

ನಾವು ಈ ಸಲ ಹೀಗೆ ಮಾಡಿಕೊಂಡಿದ್ದೇವೆ. ಗೋಡೆಗೆ ಒಂದು ಕರಿಹಲಗೆ. ಮೊದಲ ಬೋಲ್ಟ್ ಬಿಚ್ಚುವ ಮುನ್ನ ಅದರಲ್ಲಿ ಬರೆಯಬೇಕು: ಗಾಡಿ ಯಾರದು, ಏನು ಕೆಲಸ, ಸಾಮಾನು ಕೈಯಲ್ಲಿದೆಯಾ, ಯಾವತ್ತು ಹೊರಗೆ ಹೋಗುತ್ತದೆ. ಸಾಮಾನು ಕೈಯಲ್ಲಿ ಇಲ್ಲದಿದ್ದರೆ ಬಿಚ್ಚುವಂತಿಲ್ಲ. ಕೊರಿಯರ್ ಬರುತ್ತಿದೆ ಅನ್ನುವುದು ಕೈಯಲ್ಲಿದ್ದಂತೆ ಅಲ್ಲ. ಒಂದು ಜಾಗ ಬಂದು ಹೋಗುವ ಗಾಡಿಗೆ. ಅಲ್ಲಿ ಬೆಳಿಗ್ಗೆ ಬಂದದ್ದು ಸಂಜೆ ತನ್ನ ಗಾಲಿಯ ಮೇಲೆ ಹೊರಗೆ ಹೋಗಬೇಕು. ಇನ್ನೊಂದು ಜಾಗ ತಂಗುವ ಗಾಡಿಗೆ, ಆರು ವಾರ ಗಡುವು. ಏಳನೇ ವಾರದಿಂದ ಬಾಡಿಗೆ ಎರಡು ಪಟ್ಟು. ಹನ್ನೆರಡು ವಾರ ಆದರೆ ಎಲ್ಲರೂ ಸೇರಿ ಗಾಲಿ ಹಾಕಿ ತಳ್ಳಿಕೊಂಡು ಹೋಗಿ ಮಾಲೀಕನ ಮನೆ ಮುಂದೆ ಬಿಟ್ಟು ಬರುವುದು. ಇದರಲ್ಲಿ ಸಿಟ್ಟಿಲ್ಲ. ಹೋಗುವಾಗ ಅವನೂ ಒಂದು ಕೈ ಹಚ್ಚಬೇಕು.

ಸರಿಯಾದ ದಿನಕ್ಕೆ ಗಾಡಿ ಹೊರಗೆ ಹೋದರೆ ಮಾಲೀಕ ಅರ್ಧ ಕೆಜಿ ಕುಂದಾ ತರಬೇಕು. ತಡವಾದರೆ ಒಂದು ಕೆಜಿ. ನಮ್ಮಲ್ಲಿ ಬಾಗಲಕೋಟೆ ಕಡೆಯ ಒಬ್ಬರಿದ್ದಾರೆ, ಅವರು ಅಮೀನಗಡದ ಕರದಂಟು ತರುತ್ತೇನೆ ಅಂತ ಚೌಕಾಸಿ ಮಾಡಿದರು. ಒಪ್ಪಿದೆವು. ಬೋಲ್ಟುಗಳಿಗೆ ಶ್ರೀಖಂಡದ ಖಾಲಿ ಡಬ್ಬಿ. ನಮ್ಮ ಊರಲ್ಲಿ ಅದಕ್ಕೇನು ಬರ ಇಲ್ಲ. ಒಂದು ಜಾಗದಿಂದ ಬಿಚ್ಚಿದ್ದು ಒಂದು ಡಬ್ಬಿಗೆ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಹೆಸರು. ಗೋಣಿಚೀಲ ಶೆಡ್ಡಿನೊಳಗೆ ಬರುವಂತಿಲ್ಲ.

ಈಗ ಪಾನಾಗಳ ಮಾತು. ಎಲ್ಲರ ಮನೆಯಿಂದ ಪಾನಾ ತಂದು ಒಂದೇ ಪೆಟ್ಟಿಗೆಗೆ ಹಾಕಬೇಡಿ. ಆರು ತಿಂಗಳಿಗೆ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ, ಒಳ್ಳೆಯದು ಮಾತ್ರ ಎಲ್ಲಿಯೂ ಇರುವುದಿಲ್ಲ. ಕ್ಲಬ್ಬಿನದು ಕ್ಲಬ್ಬಿನದಾಗಿರಲಿ, ಹಿಡಿಕೆಗೆ ಒಂದೇ ಬಣ್ಣ ಬಳಿಯಿರಿ. ಪ್ಲೈವುಡ್ಡಿನ ಹಲಗೆ ಮೇಲೆ ಒಂದೊಂದು ಪಾನಾ ಇಟ್ಟು ಸುತ್ತ ಗೆರೆ ಎಳೆಯಿರಿ. ಸಂಜೆ ಖಾಲಿ ಗೆರೆ ಕಂಡರೆ ಯಾರೂ ಮನೆಗೆ ಹೋಗುವಂತಿಲ್ಲ. ಕಳೆಯುವುದು ಯಾವತ್ತೂ ಹತ್ತು ನಂಬರಿನ ಗೋಟಿಯೇ (ಸಾಕೆಟ್). ನಾನು ಈಗ ಒಂದೇ ಸಲ ಐದು ತಂದಿಡುತ್ತೇನೆ.

ಇನ್ನೊಂದು ಮಾತು, ಹಳೇ ಗಾಡಿಯವರಿಗೆ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ. ಜೀಪು ಹುಟ್ಟಿದ್ದು ಅಮೆರಿಕದಲ್ಲಿ. ಅವೆರಡರ ಬೋಲ್ಟುಗಳು ಇಂಚಿನ ಲೆಕ್ಕ. ಪದ್ಮಿನಿ ಇಟಲಿಯ ಫಿಯಟ್ಟಿನ ಕೂಸು, ಮಾರುತಿ ಜಪಾನಿನದು. ಅವು ಮಿಲಿಮೀಟರ್ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ ಹದಿಮೂರು ನಂಬರಿನ ಪಾನಾ ಹಾಕಿದರೆ ಕೂತಂತೆ ಕಾಣುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಾಗೆ ಹಾಕಿ ಜಗ್ಗಿ ನೋಡಿ, ಟಕ್ ಅಂತ ಒಂದು ಸದ್ದು ಬರುತ್ತದೆ. ಬೋಲ್ಟ್ ತಿರುಗಿತು ಅಂತ ಖುಷಿಯಾಗುತ್ತದೆ. ತಿರುಗಿದ್ದು ಪಾನಾ, ಹೋದದ್ದು ಬೋಲ್ಟಿನ ಮೂಲೆಗಳು. ಆ ಮುಕ್ಕಾಲು ಗಂಟೆಯ ಕೆಲಸ ಈಗ ಎರಡು ದಿನದ ಕೆಲಸ. ಅದಕ್ಕೇ ನಮ್ಮ ಹಲಗೆಯಲ್ಲಿ ಇಂಚಿನ ಪಾನಾಗಳ ಗೆರೆ ಕೆಂಪು, ಮಿಲಿಮೀಟರಿನದು ಬಿಳಿ.

ಹೊಸ ಗಾಡಿ ಇಟ್ಟ ಹುಡುಗರು ಹಿಂದೆ ಕೂತು ನಗುತ್ತಿದ್ದೀರಿ. ನಿಮಗೂ ಕೆಲಸ ಇದೆ. 2020ರ ಏಪ್ರಿಲಿನಿಂದ ಬಂದ ಬಿಎಸ್ 6 (ಹೊಗೆಯ ಬಿಗಿ ಮಾನದಂಡದ) ಗಾಡಿಗಳಲ್ಲಿ ಪಾನಾಕ್ಕಿಂತ ಸ್ಕ್ಯಾನರ್ ಜಾಸ್ತಿ ಬೇಕು. ಎಂಜಿನ್ ದೀಪ ಹತ್ತಿತು ಅಂದ ಕೂಡಲೇ ಗಾಬರಿ ಬೀಳುವ ಬದಲು, ಡ್ಯಾಶ್‌ಬೋರ್ಡಿನ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ ಕೋಡ್ ಓದಿ. ಒಂದು ಒಳ್ಳೆಯ ಸ್ಕ್ಯಾನರ್ ಇಪ್ಪತ್ತು ಜನಕ್ಕೆ ಸಾಕು. ಎಲೆಕ್ಟ್ರಿಕ್ ಗಾಡಿಯಲ್ಲಿ ಕೇಸರಿ ಬಣ್ಣದ ಕೇಬಲ್ ಕಂಡರೆ ಮಾತ್ರ ಕೈ ಹಿಂದೆ ಕಟ್ಟಿಕೊಳ್ಳಿ. ಅದು ಹೈ ವೋಲ್ಟೇಜ್, ನಮ್ಮ ಕೆಲಸ ಅಲ್ಲ.

ಇಟ್ಟಿಗೆಗೆ ಬರೋಣ. ಗಾಡಿಯ ಕೆಳಗೆ ಇಟ್ಟಿಗೆ ಇಡುವುದು ಹುಚ್ಚುತನ. ಇಟ್ಟಿಗೆ ಮೊದಲೇ ಹೇಳಿ ಬಿರಿಯುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗುವುದೂ ಅಷ್ಟೇ. ಜಾಕು ಇರುವುದು ಎತ್ತಲು, ಹಿಡಿದು ನಿಲ್ಲಲು ಅಲ್ಲ. ಅದರೊಳಗಿನ ಒಂದು ಸಣ್ಣ ರಬ್ಬರ್ ಸೀಲ್ ಹೋದರೆ ಗಾಡಿ ಇಳಿದೇ ಇಳಿಯುತ್ತದೆ. ಹೈಡ್ರಾಲಿಕ್ ಸಿಲಿಂಡರ್ ಮಾಡುವ ಊರಿನವರಿಗೆ ನಾನು ಇದನ್ನು ಹೇಳಬೇಕಾ? ಆದರೂ ಹೇಳುತ್ತೇನೆ. ಉಕ್ಕಿನ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಅದರ ಮೇಲೆ ಕೂರಿಸಿ, ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿ. ಆಮೇಲೆ ಕೆಳಗೆ ಹೋಗಿ.

ಲಿಫ್ಟ್ ಯಾಕೆ, ಗುಂಡಿ ತೋಡಿದರೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ಹಳೇ ಗ್ಯಾರೇಜುಗಳಲ್ಲಿ ಗುಂಡಿಯೇ ಇರುತ್ತಿತ್ತು, ಖರ್ಚೂ ಕಡಿಮೆ. ಎರಡು ಕಾರಣಕ್ಕೆ ನಾನು ಬೇಡ ಅನ್ನುತ್ತೇನೆ. ಒಂದು, ಜುಲೈನಲ್ಲಿ ಅದು ಬಾವಿ ಆಗುತ್ತದೆ. ಎರಡನೆಯದು ಗಂಭೀರ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಎಲ್ಲೋ ಒಂದು ಪೈಪ್ ಒಸರುತ್ತಿದ್ದರೆ ಆವಿ ಹರಿದು ಬಂದು ಗುಂಡಿಯ ತಳದಲ್ಲಿ ಕೂರುತ್ತದೆ. ನೀವು ಅಲ್ಲೇ ನಿಂತಿರುತ್ತೀರಿ, ಕೈಯಲ್ಲಿ ಬಲ್ಬು. ಬಲ್ಬ್ ಜಾರಿ ಒಡೆದರೆ? ಹತ್ತಿ ಬರಲು ಒಂದೇ ದಾರಿ, ಅದರ ಮೇಲೆ ಕಾರು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡುವುದೂ ಹೀಗೇ ಕೆಟ್ಟದ್ದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಭಾರ ಆಯಿತು ಅನ್ನುವಷ್ಟರಲ್ಲಿ ಕಾಲು ಏಳುವುದಿಲ್ಲ. ಮಳೆ ಬರಲಿ, ಚಳಿ ಇರಲಿ, ಎಂಜಿನ್ ಚಾಲೂ ಇದ್ದರೆ ಶಟರ್ ಪೂರ್ತಿ ಮೇಲಿರಬೇಕು.

ಎರಡು ಕಂಬದ ನಾಲ್ಕು ಟನ್ನಿನ ಲಿಫ್ಟ್ ನಮ್ಮಂಥವರಿಗೆ ಸಾಕು. ಆದರೆ ಅದರ ಬಲ ಕಂಬದಲ್ಲಿಲ್ಲ, ನೆಲದಲ್ಲಿದೆ. ತೆಳ್ಳಗಿನ ಕೋಬಾದ (ನೆಲಕ್ಕೆ ಹಾಕಿದ ಕಾಂಕ್ರೀಟ್ ಪದರದ) ಮೇಲೆ ಬೋಲ್ಟ್ ಹೊಡೆದು ಲಿಫ್ಟ್ ನಿಲ್ಲಿಸಿದರೆ ಗಾಡಿಯ ಜೊತೆ ನೆಲವೂ ಏಳುತ್ತದೆ. ಶೆಡ್ ನೋಡಲು ಹೋದಾಗ ಎಲ್ಲರೂ ಮೇಲೆ ನೋಡುತ್ತಾರೆ, ತಗಡು ಸೋರುತ್ತದಾ ಅಂತ. ನೀವು ಕೆಳಗೂ ನೋಡಿ. ಮಾಡು ಹನ್ನೆರಡು ಅಡಿಗಿಂತ ಎತ್ತರ ಇರಲಿ, ಇಲ್ಲದಿದ್ದರೆ ಎತ್ತಿದ ಜೀಪಿನ ಹುಡ್ ತೊಲೆಗೆ ಬಡಿಯುತ್ತದೆ. ಹೆಸ್ಕಾಂನ ತ್ರೀ ಫೇಸ್ ಸಂಪರ್ಕ ಮೊದಲೇ ಇರುವ ಶೆಡ್ ಸಿಕ್ಕರೆ ಸಾವಿರ ರೂಪಾಯಿ ಬಾಡಿಗೆ ಜಾಸ್ತಿ ಆದರೂ ಹಿಡಿಯಿರಿ.

ಈಗ ನನಗೆ ಬಹಳ ಇಷ್ಟವಾದ ಭಾಗ. ಬೇರೆ ಊರಿನ ಕಾರು ಹುಚ್ಚರು ನಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು. ಯಾಕೆ ಅಂದರೆ ನಮಗೆ ಉದ್ಯಮಬಾಗ ಇದೆ, ಮಚ್ಛೆ ಇದೆ, ಎರಡೂ ಕಾರ್ಖಾನೆಗಳ ಸೀಮೆ. ಫೌಂಡ್ರಿ, ಲೇಥು, ಮಿಲ್ಲಿಂಗು, ಹೀಟ್ ಟ್ರೀಟ್‌ಮೆಂಟು, ಹೈಡ್ರಾಲಿಕ್ಸು ಎಲ್ಲ ಸೈಕಲ್ ಮೇಲೆ ಹೋಗುವಷ್ಟು ದೂರದಲ್ಲಿ. ಆ ಕಡೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನೇ ಮಾಡುತ್ತಾರೆ. ಇಲ್ಲಿ ಕೂತವರಲ್ಲೇ ಎಷ್ಟೋ ಜನ ವಾರವಿಡೀ ಆ ಯಂತ್ರಗಳ ಮುಂದೆ ನಿಲ್ಲುವವರು.

ನಮ್ಮ ಒಬ್ಬ ಸದಸ್ಯರ ಹಳೇ ಪೆಟ್ರೋಲ್ ಜೀಪಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆ ಹೊರಗೆ ಹೋಗುವ ಕೊಳವೆ, ಬಿರುಕು ಬಿಟ್ಟಿತ್ತು. ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಎರಡು ಸಲ ವೆಲ್ಡಿಂಗ್ ಮಾಡಿಸಿದರು, ಎರಡು ಸಲವೂ ಪಕ್ಕದಲ್ಲೇ ಹೊಸ ಬಿರುಕು. ಬೀಡು ಹಾಗೆಯೇ, ಒಂದು ಕಡೆ ಕಾದು ಒಂದು ಕಡೆ ತಣ್ಣಗಿದ್ದರೆ ಸಿಡಿಯುತ್ತದೆ. ಹೊಸದು ಎಲ್ಲೂ ಸಿಗಲಿಲ್ಲ. ಒಬ್ಬ ಹುಡುಗ ಅಂದ: "ಅಣ್ಣಾ, ಇದನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ಯಿಸೋಣ." ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮರದ ಮಾದರಿ, ಮಾಡುವ ಹಿರಿಯರೊಬ್ಬರು ಅಲ್ಲೇ ಚಹಾ ಕುಡಿಯುತ್ತಿದ್ದರು. ಕಪ್ ಕೆಳಗಿಟ್ಟು ಕೇಳಿದರು: "ತಮ್ಮಾ, ಎಷ್ಟು ಉದ್ದ ಅದ?" ಅಳೆದೆವು, ಮುನ್ನೂರು ಮಿಲಿಮೀಟರಿನ ಆಸುಪಾಸು. "ಹಂಗಾದ್ರ ನಿನ್ನ ಹೊಸಾದು ಮೂರು ಮಿಲಿಮೀಟರ್ ಗಿಡ್ಡ ಬರ್ತದ. ಯಾವ ಸ್ಟಡ್ಡಿಗೆ ಹಾಕ್ತಿ?"

ಬೀಡು ಕರಗಿದ್ದು ಗಟ್ಟಿಯಾಗಿ ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ ಮಾಡುವವರು ಅಷ್ಟನ್ನು ಮೊದಲೇ ದೊಡ್ಡದಾಗಿ ಕೆತ್ತುತ್ತಾರೆ. ಅವರ ಅಳತೆಪಟ್ಟಿಯೇ ಬೇರೆ, ಅದರ ಒಂದು ಇಂಚು ನಮ್ಮ ಇಂಚಿಗಿಂತ ಕೂದಲೆಳೆ ದೊಡ್ಡದು. ನಾನು ಇಪ್ಪತ್ತು ವರ್ಷ ಮೆಷಿನ್ ಶಾಪಿನಲ್ಲಿದ್ದವನು, ಎರಕದ ಸಾಮಾನು ಬಂದ ಮೇಲೆ ಕೊರೆದವನು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದದ್ದು ಅವತ್ತೇ. ಅವರು ಸಾಗವಾನಿಯಲ್ಲಿ ಎರಡು ಹೋಳಿನ ಪ್ಯಾಟರ್ನ್ ಕೆತ್ತಿದರು, ಒಳಗಿನ ಟೊಳ್ಳಿಗೆ ಬೇರೆ ಕೋರ್ ಪೆಟ್ಟಿಗೆ. ಐದು ತುಂಡು ಹೊಯ್ಯಿಸಿದೆವು. ಒಂದರಲ್ಲಿ ಗುಳ್ಳೆ ಬಂದು ಹೋಯಿತು. ಒಂದು ಜೀಪಿಗೆ ಕೂತಿತು. ಉಳಿದ ಮೂರು ಶೆಡ್ಡಿನ ಕಪಾಟಿನಲ್ಲಿವೆ. ಅದೇ ಜೀಪು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಆದರೆ ಬೆಲೆ ಕುಂದಾದಲ್ಲಿ ಅಲ್ಲ.

ಇದರಿಂದ ಒಂದು ಮಾತು ಹುಟ್ಟುತ್ತದೆ. ಊರಿನ ಗ್ಯಾರೇಜ್ ಮಿಸ್ತ್ರಿಗಳ ಹೊಟ್ಟೆ ಮೇಲೆ ಹೊಡೆಯುವ ಕೆಲಸ ನಮ್ಮದಲ್ಲ. ಹೊರಗಿನವರ ಗಾಡಿಯನ್ನು ದುಡ್ಡು ತೆಗೆದುಕೊಂಡು ರಿಪೇರಿ ಮಾಡಿದ ದಿನ ನೀವು ಕ್ಲಬ್ ಅಲ್ಲ, ಲೈಸೆನ್ಸ್ ಇಲ್ಲದ ಗ್ಯಾರೇಜು. ನಾವು ತಿಂಗಳಿಗೆ ಒಂದು ಭಾನುವಾರ ಒಬ್ಬ ಮಿಸ್ತ್ರಿಯನ್ನು ಕರೆಯುತ್ತೇವೆ. ಅವರು ಕೈ ಕಟ್ಟಿ ನಿಂತು ಹೇಳಿಕೊಡಬೇಕು, ಪಾನಾ ನಾವು ಹಿಡಿಯಬೇಕು. ಅವರ ದಿನದ ದುಡಿಮೆ ಎಷ್ಟೋ ಅಷ್ಟು ಕವರಿನಲ್ಲಿ ಹಾಕಿ ಕೊಡುತ್ತೇವೆ. ಶಾಲು ಹೊದಿಸಿ ಹಾರ ಹಾಕಿ ಬರಿಗೈಲಿ ಕಳಿಸುವ ಚಾಳಿ ನಮಗೆ ಬೇಡ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಉದಾಹರಣೆಗೆ ಅಂತ ಹಿಡಿಯಿರಿ. ಬಾಡಿಗೆ 18,000, ಕರೆಂಟು 3,500, ವಿಮೆಗೆ ತಿಂಗಳ ಪಾಲು 1,500, ಗ್ರೀಸು, ಕೈ ಒರೆಸುವ ಹತ್ತಿ ವೇಸ್ಟು, ಚಹಾ ಅಂತ 2,000. ಒಟ್ಟು 25,000. ಇಪ್ಪತ್ನಾಲ್ಕು ಜನ ತಲಾ 1,200 ಕೊಟ್ಟರೆ 28,800. ಕಾಗದದ ಮೇಲೆ ಉಳಿತಾಯ. ಆದರೆ ಮಳೆಗಾಲದಲ್ಲಿ, ಮದುವೆ ಸೀಸನ್ನಿನಲ್ಲಿ, ಮಕ್ಕಳ ಫೀ ಕಟ್ಟುವ ಜೂನಿನಲ್ಲಿ ಎಷ್ಟು ಜನ ಕೊಡುತ್ತಾರೆ? ನನ್ನ ಹಿಸಾಬು ಇಷ್ಟೇ: ಅರ್ಧ ಜನ ಕೊಟ್ಟರೂ ಬಾಡಿಗೆ ತುಂಬಬೇಕು. ಹನ್ನೆರಡು ಜನರದು 14,400. ಹಾಗಾದರೆ 18,000ದ ಶೆಡ್ ನಿಮಗೆ ದೊಡ್ಡದಾಯಿತು. ಸಣ್ಣದು ಹುಡುಕಿ.

ಹೆಸರಿಗೆ ಒಂದು ಸಂಘ ಮಾಡಿಕೊಳ್ಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಾಕು. ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿರಲಿ, ಯಾರೋ ಒಬ್ಬ ಗೆಳೆಯನ ಫೋನ್ ನಂಬರಿಗೆ ದುಡ್ಡು ಹಾಕುವುದು ಬೇಡ. ಅವನು ಕಳ್ಳ ಅಂತಲ್ಲ. ಅವನಿಗೇ ಆರು ತಿಂಗಳಿಗೆ ಬೇಸರ ಬರುತ್ತದೆ. ಪಾಲುದಾರಿಕೆ ನಮಗೆ ಹೊಸದಾ ಹೇಳಿ? ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ರೈತರು ಬೀಜಕ್ಕೆ, ಎತ್ತಿಗೆ ದುಡ್ಡು ಕೂಡಿಸಿದರು. ನಾವು ಟಾರ್ಕ್ ರೆಂಚಿಗೆ ಕೂಡಿಸುತ್ತೇವೆ.

ಹಳೇ ಆಯಿಲ್ ಚರಂಡಿಗೆ ಹೋಗಬಾರದು. ಇದನ್ನು ಕಾಕೂ ಅವರ ಕಟ್ಟೆ ನೆನೆಸಿಕೊಂಡೇ ಹೇಳುತ್ತಿದ್ದೇನೆ. ಡ್ರಮ್ಮಿನಲ್ಲಿ ಕೂಡಿಸಿ, ಅನುಮತಿ ಇರುವ ಮರುಬಳಕೆಯವರಿಗೇ ಕೊಡಬೇಕು ಅಂತ 2016ರ ಅಪಾಯಕಾರಿ ತ್ಯಾಜ್ಯದ ನಿಯಮ ಹೇಳುತ್ತದೆ. ಹಳೇ ಬ್ಯಾಟರಿಗೂ 2022ರಿಂದ ಬೇರೆ ನಿಯಮ ಇದೆ.

ಸೈಲೆನ್ಸರ್ ಕೊಯ್ದು ಸದ್ದು ಮಾಡುವವರು, ಅಳತೆ ಮೀರಿದ ಟೈರು ಹಾಕುವವರು ದಯವಿಟ್ಟು ನಮ್ಮ ಶೆಡ್ಡಿಗೆ ಬರಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಅಡ್ಡ ನಿಂತಿದೆ. ಕಂಪನಿ ಕೊಟ್ಟ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಹಳೇ ಗಾಡಿಯವರಿಗೆ ಒಂದು ಒಳ್ಳೆಯ ಸುದ್ದಿ: ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ 2021ರಿಂದ ವಿಂಟೇಜ್ ಅಂತ ಬೇರೆ ನೋಂದಣಿ ಇದೆ, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ಗಾಡಿಯಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ನನ್ನ ಪದ್ಮಿನಿ ಅದಕ್ಕೆ ಅರ್ಹ ಆಗುವುದು 2036ಕ್ಕೆ. ಅಷ್ಟರಲ್ಲಿ ನಾನೇ ವಿಂಟೇಜ್ ಆಗಿರುತ್ತೇನೆ.

ಅಲ್ಲಿ ಹಿಂದಿನಿಂದ ಒಬ್ಬ ತಂಗಿ ಕೇಳುತ್ತಿದ್ದಾಳೆ, "ನನಗೆ ಕಾರೇ ಇಲ್ಲ, ಸೇರಬಹುದಾ?" ಅಂತ. ಸೇರಬೇಕವ್ವಾ. ಟಾರ್ಚ್ ಹಿಡಿದು ನಿಲ್ಲುವವರೇ ಗ್ಯಾರೇಜಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಲಿಯುವುದು. ಕೆಲಸ ಮಾಡುವವನಿಗೆ ಒಂದು ಬೋಲ್ಟ್ ಕಾಣುತ್ತದೆ, ಬೆಳಕು ಹಿಡಿದವರಿಗೆ ಪೂರ್ತಿ ಎಂಜಿನ್ ಕಾಣುತ್ತದೆ. ನಾನೂ ಹಾಗೇ ಕಲಿತದ್ದು. ನೀನು ಕೇಳಿದ್ದು ಒಳ್ಳೆಯದಾಯಿತು, ನಾನು ಮರೆಯುತ್ತಿದ್ದೆ. ಶೆಡ್ಡಿನಲ್ಲಿ ಲಿಫ್ಟ್‌ಗಿಂತ ಮೊದಲು ಆಗಬೇಕಾದ ಖರ್ಚು ಚಿಲಕ ಇರುವ, ನೀರು ಬರುವ ಒಂದು ಸ್ವಚ್ಛ ಸಂಡಾಸ್. ಹಿಂದಿನ ಶೆಡ್ಡಿನಲ್ಲಿ ಇರಲಿಲ್ಲ. ನಾವು ಆರು ಗಂಡಸರು ಹಿಂದಿನ ಗೋಡೆ ಇದೆಯಲ್ಲ ಅಂದುಕೊಂಡಿದ್ದೆವು. ಒಬ್ಬ ಹೆಣ್ಣುಮಗಳೂ ಎರಡನೇ ಸಲ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಆಗ ಯೋಚನೆ ಕೂಡ ಮಾಡಲಿಲ್ಲ.

ಕಟ್ಟೆಯ ವಿಷಯ ಹೇಳಿ ಮುಗಿಸುತ್ತೇನೆ. ಶೆಡ್ಡಿನ ಬಾಗಿಲ ಹತ್ತಿರ ಒಂದು ಕಲ್ಲಿನ ಕಟ್ಟೆ ಕಟ್ಟಿದ್ದೇವೆ, ಎಂಟು ಜನ ಕೂರುವಷ್ಟು. ಕೆಲಸ ಇಲ್ಲದವರೂ ಬಂದು ಕೂರುತ್ತಾರೆ. ಚೋರ್ಲಾ ಘಾಟಿನಲ್ಲಿ ಯಾರ ಗಾಡಿ ಕಾಯಿತು, ಯಾರ ಅಂಬಾಸಿಡರ್ ಕಿತ್ತೂರಿನ ತನಕ ಮೂರನೇ ಗೇರಿನಲ್ಲೇ ಬಂತು ಅಂತ ಹರಟೆ. ನಮ್ಮ ಪ್ಯಾಟರ್ನಿನ ಹಿರಿಯರು ಅವತ್ತು ಚಹಾ ಕುಡಿಯುತ್ತಿದ್ದದ್ದು ಇದೇ ಕಟ್ಟೆ ಮೇಲೆ. ಅವರ ಹತ್ತಿರ ಕಾರಿಲ್ಲ, ಸೈಕಲ್ ಇದೆ. ಕಟ್ಟೆ ಇಲ್ಲದಿದ್ದರೆ ಅವರು ಒಳಗೆ ಬರುತ್ತಿರಲಿಲ್ಲ, ನಾವು ಮೂರು ಮಿಲಿಮೀಟರ್ ಗಿಡ್ಡ ಮ್ಯಾನಿಫೋಲ್ಡ್ ಹಿಡಿದುಕೊಂಡು ಕೂತಿರುತ್ತಿದ್ದೆವು.

ಈಗ ಕೆಲಸದ ಮಾತು. ಲಿಫ್ಟ್ ನಿಲ್ಲಿಸುವ ಜಾಗದ ಹಳೇ ಕೋಬಾ ಒಡೆದು ತೆಗೆದಿದ್ದೇವೆ. ಬರುವ ಭಾನುವಾರ ಕಾಂಕ್ರೀಟ್ ಹಾಕುತ್ತೇವೆ. ಲಿಫ್ಟಿನ ಬೋಲ್ಟ್ ಹೊಡೆಯಲು ಇಪ್ಪತ್ತೆಂಟು ದಿನ ಕಾಯಬೇಕು, ಯಾರೂ ಅವಸರ ಮಾಡಬೇಡಿ. ಮೊದಲ ಹತ್ತು ದಿನ ಬೆಳಿಗ್ಗೆ, ಸಂಜೆ ನೀರು ಹೊಡೆಯಬೇಕು. ಪಾಳಿಯ ವಹಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೋಗುವಾಗ ಹೆಸರು ಬರೆಯಿರಿ. ಬುಧವಾರ ಸಂಜೆ ಮತ್ತು ಶುಕ್ರವಾರ ಬೆಳಿಗ್ಗೆ ಇನ್ನೂ ಖಾಲಿ ಇವೆ. ಪೈಪು ಅಲ್ಲೇ ಇದೆ. ನಲ್ಲಿಯ ವಾಸರ್ ಹೋಗಿದೆ, ಮೊದಲ ಪಾಳಿಯವರು ಒಂದು ಅರ್ಧ ಇಂಚಿನ ವಾಸರ್ ತನ್ನಿ.